ಹಿಮಾಲಯದ ಹಿಮವೂ ನಮ್ಮ ಸೀಮೆಯ ಬರವೂ

"ಹಿಮ ಅಂದ್ರೆ ಆಲಿಕಲ್ಲಾ ಸಾರ್?"

ಭೂಗೋಳದ ಪಾಠದ ನಡುವೆ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಆದೋನಿ ಸೀಮೆಯ ಮಕ್ಕಳಿಗೆ ಆಕಾಶದಿಂದ ಬೀಳುವ ಗಟ್ಟಿ ನೀರು ಎಂದರೆ ಆಲಿಕಲ್ಲೇ ತಾನೆ? ಅದೂ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ, ಎಲ್ಲೋ ಎರಡು-ಮೂರು ವರ್ಷಕ್ಕೊಮ್ಮೆ. ನಮ್ಮ ಚಳಿಗಾಲ ಬಹಳ ಬಡವ. ಡಿಸೆಂಬರ್-ಜನವರಿಯ ಬೆಳಗ್ಗೆ ಕಡಲೆ ಗಿಡದ ಮೇಲೆ ಒಂದಿಷ್ಟು ಇಬ್ಬನಿ, ಎರೆ ಹೊಲದ ಮೇಲೆ ತೆಳ್ಳನೆ ಮಂಜು, ಪ್ರಾರ್ಥನೆಗೆ ನಿಂತ ಮಕ್ಕಳ ಮೈಮೇಲೊಂದು ಹಳೇ ಸ್ವೆಟರ್. ಸಂಕ್ರಾಂತಿ ದಾಟಿದರೆ ಸ್ವೆಟರ್ ಪೆಟ್ಟಿಗೆ ಸೇರುತ್ತದೆ. ಹಿಮ ಕಾಣುವುದು ಸಿನಿಮಾ ಹಾಡುಗಳಲ್ಲಿ ಮಾತ್ರ. ನಾನೂ ಕಣ್ಣಾರೆ ನೋಡಿಲ್ಲ ಎಂದು ಮಕ್ಕಳ ಮುಂದೆ ಒಪ್ಪಿಕೊಂಡೆ.

ಆದರೆ ಈ ನೋಡದ ಹಿಮಕ್ಕೂ ನಮ್ಮ ಸೀಮೆಯ ಬರಕ್ಕೂ ಒಂದು ಹಳೆಯ ಸಂಬಂಧವಿದೆ. ನಮ್ಮ ಮುತ್ತಜ್ಜನ ಕಾಲದವರು ಗಂಜಿ ಕೇಂದ್ರಗಳ ಮುಂದೆ ಸಾಲು ನಿಂತ ಮೇಲೆಯೇ ಸರ್ಕಾರಕ್ಕೆ ಹಿಮಾಲಯದಲ್ಲಿ ಎಷ್ಟು ಹಿಮ ಬಿತ್ತು ಎಂದು ಲೆಕ್ಕ ಇಡುವ ಅಗತ್ಯ ಕಂಡದ್ದು. ಪಠ್ಯಪುಸ್ತಕದಲ್ಲಿ ಈ ಕಥೆ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಓದುಗರು ಸಹಿಸಿಕೊಳ್ಳಬೇಕು.

ಮೊದಲು ಬರದ ವಿಷಯ. 1876ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. (1953ರ ಅಕ್ಟೋಬರ್ 1ರಂದು ಗೆರೆ ಎಳೆದಾಗ ಈ ಮೂರು ತಾಲೂಕು ಆಂಧ್ರದ ಕಡೆಗೆ ಬಂದವು. ಆ ಕಥೆಯನ್ನು ಇನ್ನೊಮ್ಮೆ ಬರೆಯೋಣ.) ಆ ವರ್ಷ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಮರುವರ್ಷ ಮಳೆ ಇನ್ನೂ ವ್ಯಾಪಕವಾಗಿ ತಪ್ಪಿ ಬರ ಉತ್ತರ ಭಾರತಕ್ಕೂ ಹಬ್ಬಿತು. ಸಂವತ್ಸರಗಳ ಹೆಸರು ಹಿಡಿದು ಮೈಸೂರು ಸೀಮೆಯವರು ಇದನ್ನು ಧಾತು ಈಶ್ವರ ಬರ ಎಂದರು. 1876-77 ಧಾತು, 1877-78 ಈಶ್ವರ. ತೆಲುಗರು ಧಾತ ಕರುವು ಎಂದರು, ತಮಿಳರು ಧಾತು ವರ್ಷದ ಪಂಜಂ ಎಂದರು. ಗಡಿಗೆ ಮೂರು ಭಾಷೆ ಇದ್ದರೂ ಹಸಿವಿಗೆ ಇದ್ದದ್ದು ಒಂದೇ ಹೆಸರು. ಬಳ್ಳಾರಿ, ಕರ್ನೂಲು, ಕಲಾದಗಿ, ಸೊಲ್ಲಾಪುರ ಎಲ್ಲವೂ ಈ ಬರದ ನಡುಮನೆಯಲ್ಲಿದ್ದವು. ಮೈಸೂರು ಸಂಸ್ಥಾನದ ಜನಗಣತಿಯಲ್ಲಿ 1871ಕ್ಕೆ ಸುಮಾರು 50 ಲಕ್ಷ ಇದ್ದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದರು. ಹತ್ತು ವರ್ಷದಲ್ಲಿ ಜನಸಂಖ್ಯೆ ಏರಬೇಕಾದ ಕಡೆ ಇಷ್ಟು ಇಳಿಯಿತು ಎಂದರೆ ಏನು ನಡೆದಿರಬೇಕು, ಲೆಕ್ಕದ ಪಾಠದಲ್ಲಿ ಮಕ್ಕಳೇ ಹೇಳುತ್ತಾರೆ.

ಮಳೆ ಹೋದದ್ದರಿಂದ ಮಾತ್ರ ಜನ ಸಾಯಲಿಲ್ಲ, ಇದನ್ನು ಹೇಳದೆ ಮುಂದೆ ಹೋಗಲಾರೆ. ಆದೋನಿಯ ಮೇಲೆ ಹಾದು ರಾಯಚೂರಿಗೆ ಹೋಗುವ ರೈಲು 1870ರ ದಶಕದ ಆರಂಭಕ್ಕೇ ಬಂದಿತ್ತು. ಧಾನ್ಯವನ್ನು ಎಲ್ಲಿಂದ ಬೇಕಾದರೂ ತರಬಹುದಿತ್ತು. ಆದರೆ ವ್ಯಾಪಾರಕ್ಕೆ ಸರ್ಕಾರ ಕೈ ಹಾಕಬಾರದೆಂಬ ನಂಬಿಕೆ ಆಳುವವರದ್ದು. ಅದೇ ಬರಗಾಲದಲ್ಲಿ ಭಾರತದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸರಾಯ್ ಲಿಟ್ಟನ್ ಭರ್ಜರಿ ದರ್ಬಾರು ನಡೆಸಿದ. ಅದೇ ತಿಂಗಳು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದಕ್ಷಿಣಕ್ಕೆ ಬಂದು, ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಿಷ್ಟು ಪುಡಿಗಾಸು ಸಾಕೆಂದು ಕೂಲಿ ಇಳಿಸಿದ. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ ಎಂದು ಪ್ರತಿಭಟಿಸಿದರು. ಜಗಳ ತಿಂಗಳುಗಟ್ಟಲೆ ನಡೆಯಿತು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು.

ಬರ ಮುಗಿದ ಮೇಲೆ ಸರ್ಕಾರ ಕೇಳಿದ ಪ್ರಶ್ನೆಗಳಲ್ಲಿ ಒಂದು: ಮಳೆ ತಪ್ಪುವುದು ಮೊದಲೇ ಗೊತ್ತಾಗುವಂತಿದ್ದರೆ?

ಈ ಪ್ರಶ್ನೆ ಹೋದದ್ದು ಹೆನ್ರಿ ಫ್ರಾನ್ಸಿಸ್ ಬ್ಲ್ಯಾನ್‌ಫೋರ್ಡ್ ಅವರ ಬಳಿಗೆ. ಮೂಲತಃ ಭೂವಿಜ್ಞಾನಿ. 1855ರಲ್ಲಿ ಭಾರತದ ಭೂಸರ್ವೇಕ್ಷಣಾ ಇಲಾಖೆಗೆ ಬಂದವರು, ಆಮೇಲೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಷ್ಟ್ರು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥರಾದರು. ಹೊಸ ಇಲಾಖೆಗೆ ಎರಡು ವರ್ಷ ತುಂಬುವುದರೊಳಗೆ ಧಾತು ಬರ ಬಂದು ನಿಂತಿತ್ತು. ಮುಂದೆ ಬರಲಿರುವ ಮಳೆಯನ್ನು ತಿಂಗಳುಗಳ ಮೊದಲೇ ಹೇಳುವ ವಿದ್ಯೆ ಆಗ ಪ್ರಪಂಚದಲ್ಲಿ ಯಾರ ಬಳಿಯೂ ಇರಲಿಲ್ಲ.

ಬ್ಲ್ಯಾನ್‌ಫೋರ್ಡ್ ಮಾಡಿದ್ದು ಮೇಷ್ಟ್ರ ಕೆಲಸವನ್ನೇ. ಹಳೆಯ ದಾಖಲೆಗಳನ್ನು ಮುಂದಿಟ್ಟುಕೊಂಡು ವರ್ಷದ ಪಕ್ಕ ವರ್ಷ ಇಟ್ಟು ನೋಡಿದರು. ಬರದ ಆ ವರ್ಷಗಳಲ್ಲಿ ವಾಯವ್ಯ ಹಿಮಾಲಯದಲ್ಲಿ ಹಿಮ ಜಾಸ್ತಿ ಬಿದ್ದಿತ್ತು, ತಡವಾಗಿಯೂ ಬಿದ್ದಿತ್ತು, ಬೇಸಿಗೆ ಹತ್ತಿರವಾದರೂ ಕರಗದೆ ನಿಂತಿತ್ತು. ಬಯಲಿನಲ್ಲಿ ಒಣ ಪಡುವಣ ಗಾಳಿ ಬೀಸುತ್ತಲೇ ಇತ್ತು. ಹಿಮ ಹೆಚ್ಚಿದ ವರ್ಷ ವಾಯವ್ಯ ಭಾರತಕ್ಕೆ ಮಳೆ ಕಡಿಮೆ, ಇದು ಅವರ ಅನುಮಾನ. 1884ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ಲೇಖನವಾಗಿ ಪ್ರಕಟಿಸಿದರು.

ಕಾರಣ ಏನಿರಬಹುದು? ತರಗತಿಯಲ್ಲಿ ನಾನು ಹೇಳುವ ರೀತಿಯಲ್ಲೇ ಹೇಳುತ್ತೇನೆ. ಬೇಸಿಗೆಯಲ್ಲಿ ಮಾಳಿಗೆಗೆ ಸುಣ್ಣ ಬಳಿದರೆ ಮನೆ ತಂಪಾಗಿರುತ್ತದೆ, ಇದು ನಮ್ಮೂರಿನ ಎಲ್ಲರಿಗೂ ಗೊತ್ತು. ಹೊಸ ಹಿಮ ಅದರಪ್ಪ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ವಾಪಸ್ ಆಕಾಶಕ್ಕೇ ಕಳಿಸುತ್ತದೆ. ನಮ್ಮ ಎರೆಮಣ್ಣು ಇದಕ್ಕೆ ತದ್ವಿರುದ್ಧ, ಬಹುಪಾಲು ಬಿಸಿಲನ್ನು ನುಂಗಿಕೊಂಡು ಕಾಯುತ್ತದೆ. ಎರಡನೆಯದು, ಹಿಮ ಕರಗುವುದಕ್ಕೂ ಶಾಖ ಬೇಕು. ಸೊನ್ನೆ ಡಿಗ್ರಿಯ ಒಂದು ಗ್ರಾಂ ಹಿಮ ಸೊನ್ನೆ ಡಿಗ್ರಿಯ ನೀರಾಗುವುದಕ್ಕೆ ಸುಮಾರು 80 ಕ್ಯಾಲೊರಿ ತಿನ್ನುತ್ತದೆ. ಅದೇ ಶಾಖವನ್ನು ಅದೇ ನೀರಿಗೆ ಕೊಟ್ಟಿದ್ದರೆ ಕೈ ಸುಡುವಂತೆ 80 ಡಿಗ್ರಿಗೆ ಕಾದಿರುತ್ತಿತ್ತು. ಕರಗಿದ ಮೇಲೂ ನೆಲ ಒದ್ದೆಯಾಗಿ ತಣ್ಣಗೇ ಇರುತ್ತದೆ. ಮುಂಗಾರು ಮಾರುತ ಬರುವುದೇ ನೆಲ ಕಾದು ಸಮುದ್ರ ತಂಪಾಗಿರುವ ವ್ಯತ್ಯಾಸದಿಂದ. ನೆಲ ಕಾಯುವುದು ತಡವಾದರೆ ಮಾರುತ ಸೊರಗುತ್ತದೆ. ಎರಡು ತಟ್ಟೆ, ಒಂದು ಬಿಳಿ ಬಟ್ಟೆ, ಒಂದು ಕಪ್ಪು ಬಟ್ಟೆ, ಎರಡು ಥರ್ಮಾಮೀಟರ್ ಇದ್ದರೆ ಮೊದಲನೇ ಮಾತನ್ನು ಶಾಲೆಯ ಅಂಗಳದಲ್ಲೇ ತೋರಿಸಬಹುದು. ಅರ್ಧ ಗಂಟೆ ಬಿಸಿಲು ಸಾಕು. ನಮ್ಮಲ್ಲಿ ಅದಕ್ಕೇನೂ ಕೊರತೆ ಇಲ್ಲ!

ವಾದ ಚೆನ್ನಾಗಿತ್ತು. ತೊಂದರೆ ಇದ್ದದ್ದು ದಾಖಲೆಯಲ್ಲಿ. ಮಳೆಯ ವಿಷಯದಲ್ಲಿ ಭಾರತ ಬಡ ದೇಶವಾಗಿರಲಿಲ್ಲ. ಮದರಾಸಿನ ವೀಕ್ಷಣಾಲಯದಲ್ಲಿ 1796ರಿಂದ ಹವೆಯ ದಾಖಲೆ ಇತ್ತು, 1813ರಿಂದ ಮಳೆಯ ಅಳತೆ ಇತ್ತು. ಮಳೆ ಅಳೆಯುವುದು ಸುಲಭ, ಪಾತ್ರೆಗೆ ಬಿದ್ದ ನೀರನ್ನು ಅಳತೆಗೋಲಿನಿಂದ ನೋಡಿದರಾಯಿತು. ಹಿಮ ಹಾಗಲ್ಲ. ಗಾಳಿ ಅದನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ರಾಶಿ ಹಾಕುತ್ತದೆ. ಹೊಸ ಹಿಮ ಹತ್ತಿಯಂತೆ ಹಗುರ, ಹತ್ತು ಸೆಂಟಿಮೀಟರ್ ಹಿಮ ಕರಗಿಸಿದರೆ ಸುಮಾರು ಒಂದು ಸೆಂಟಿಮೀಟರ್ ನೀರು. ಹಳೆಯ ಹಿಮ ಒತ್ತಿಕೊಂಡು ಗಟ್ಟಿಯಾಗಿರುತ್ತದೆ. ಅದೇ ಆಳದ ಹಿಮದಲ್ಲಿ ನೀರು ಎಷ್ಟೋ ಪಟ್ಟು ಹೆಚ್ಚು. ಸಾವಿರಾರು ಮೈಲಿ ಉದ್ದದ ಬೆಟ್ಟಸಾಲಿನಲ್ಲಿ ಬೆರಳೆಣಿಕೆಯ ಠಾಣೆಗಳು. ಯಾವ ಕಣಿವೆ ಯಾವಾಗ ಮುಚ್ಚಿತು, ಯಾವ ಬೆಟ್ಟದಲ್ಲಿ ಬಿಳಿ ಎಲ್ಲಿಯವರೆಗೆ ಇಳಿದಿದೆ ಎಂಬ ವರದಿಗಳೇ ಆಧಾರ. ಹೆಚ್ಚು, ಸಾಧಾರಣ, ಕಡಿಮೆ ಎಂಬ ಮಾತುಗಳು ಬರೆದವರ ನೆನಪಿನ ಅಳತೆಯವು. "ಈ ವರ್ಷ ಚಳಿ ಜಾಸ್ತಿ ಕಣಪ್ಪ" ಎಂದು ನಮ್ಮ ಹಿರಿಯರು ಪ್ರತಿ ವರ್ಷವೂ ಹೇಳುತ್ತಾರಲ್ಲ, ಹಾಗೆ.

ಇನ್ನೊಂದು ಮಾತೂ ಇದೆ. ನಮ್ಮ ಸೀಮೆಯವನಾಗಿ ನನ್ನನ್ನು ಕಾಡುವುದು ಇದೇ. ಬ್ಲ್ಯಾನ್‌ಫೋರ್ಡ್ ಮಾತಾಡಿದ್ದು ಮುಖ್ಯವಾಗಿ ವಾಯವ್ಯ ಬಯಲಿನ ಬಗ್ಗೆ. ಬಳ್ಳಾರಿ-ಆದೋನಿಯಲ್ಲಿ ಮಳೆ ತಪ್ಪಿದ್ದು 1876ರಲ್ಲೇ. ಉತ್ತರದಲ್ಲಿ ತಪ್ಪಿದ್ದು 1877ರಲ್ಲಿ. ನಮ್ಮ ಹೊಲ ಒಣಗಿದ ಮೇಲೆ ಬಿದ್ದ ಹಿಮ ನಮ್ಮ ಹೊಲ ಒಣಗಿದ್ದಕ್ಕೆ ಕಾರಣವಾಗುವುದು ಹೇಗೆ? ಅಂದರೆ ದಕ್ಷಿಣದ ಸಾವು ಎಬ್ಬಿಸಿದ ಪ್ರಶ್ನೆಗೆ ಸಿಕ್ಕ ಉತ್ತರ ಉತ್ತರ ಭಾರತದ್ದು. 2018ರಲ್ಲಿ ದೀಪ್ತಿ ಸಿಂಗ್ ಮತ್ತು ಸಂಗಡಿಗರು ಆ ಬರದ ಹವಾಮಾನವನ್ನು ಹೊಸದಾಗಿ ಪರಿಶೀಲಿಸಿ ಒಂದು ಅಧ್ಯಯನ ಪ್ರಕಟಿಸಿದರು. 1877ರಲ್ಲಿ ಪೆಸಿಫಿಕ್ ಸಾಗರದಲ್ಲಿ ದಾಖಲೆಯಲ್ಲೇ ಅತಿ ಪ್ರಬಲವೆನ್ನಬಹುದಾದ ಎಲ್ ನಿನೊ ಎದ್ದಿತ್ತು, ಹಿಂದೂ ಮಹಾಸಾಗರ ಮತ್ತು ಅಟ್ಲಾಂಟಿಕ್ ಕೂಡ ಅಸಹಜವಾಗಿದ್ದವು ಎಂದು ಅದು ಹೇಳುತ್ತದೆ. ಅದೇ ವರ್ಷಗಳಲ್ಲಿ ಚೀನಾ, ಬ್ರೆಜಿಲ್‌ಗಳಲ್ಲೂ ಭೀಕರ ಬರ. 1871ರಿಂದೀಚೆಗಿನ ಅಖಿಲ ಭಾರತ ಮುಂಗಾರು ಮಳೆಯ ಪಟ್ಟಿಯಲ್ಲಿ ಅತಿ ಕಡಿಮೆ ಮಳೆಯ ವರ್ಷವೆಂದು ಇಂದಿಗೂ ನಿಂತಿರುವುದು 1877. ಹಿಮವೂ ಮಳೆಯೂ ಎರಡೂ ದೂರದ ಒಂದು ಸಮುದ್ರದ ಕೈಯಲ್ಲಿದ್ದಿರಬಹುದು. ಇದು ಬ್ಲ್ಯಾನ್‌ಫೋರ್ಡ್‌ಗೆ ಗೊತ್ತಾಗುವ ದಾರಿ ಇರಲಿಲ್ಲ, ಆದ್ದರಿಂದ ಅವರನ್ನು ದೂರುವುದು ನ್ಯಾಯವಲ್ಲ.

ಅವರು ಎಚ್ಚರದ ಮನುಷ್ಯ. 1882ರಿಂದ 1885ರವರೆಗೆ ಪ್ರಯೋಗಕ್ಕೆಂದು ಮುನ್ಸೂಚನೆ ಕೊಟ್ಟು ನೋಡಿದರು. ಅವು ಬಹುಮಟ್ಟಿಗೆ ಸರಿಹೋದವು. 1886ರ ಜೂನ್ 4ರಂದು ಭಾರತ ಮತ್ತು ಬರ್ಮಾ ದೇಶಕ್ಕೆಲ್ಲ ಅನ್ವಯಿಸುವ ಮೊದಲ ಅಧಿಕೃತ ಮುಂಗಾರು ಮುನ್ಸೂಚನೆ ಹೊರಬಿತ್ತು. ಪ್ರತಿ ಏಪ್ರಿಲ್‌ನಲ್ಲಿ ಟಿವಿಯವರು ಓದುವ "ಈ ಬಾರಿ ಮಳೆ ಶೇಕಡಾ ಇಷ್ಟು" ಎಂಬ ಸುದ್ದಿಯ ಮೂಲಪುರುಷ ಅದೇ. ಅದರ ಬುನಾದಿ ಹಿಮಾಲಯದ ಹಿಮ.

ಇಲ್ಲಿ ಒಂದು ಅಡ್ಡಕಥೆ ಹೇಳಲೇಬೇಕು, ಮೇಷ್ಟ್ರುಗಳಿಗೆ ಇಷ್ಟವಾಗುವಂಥದ್ದು. 1885ರಲ್ಲಿ ಬ್ಲ್ಯಾನ್‌ಫೋರ್ಡ್ ಕೈಕೆಳಗೆ ಕೆಲಸಕ್ಕೆ ಸೇರಿದ ಪಂಜಾಬಿ ಯುವಕನ ಹೆಸರು ರುಚಿರಾಮ್ ಸಾಹ್ನಿ. ಹವಾಮಾನ ಇಲಾಖೆಯ ಮೊದಲ ಭಾರತೀಯ ಅಧಿಕಾರಿಗಳಲ್ಲಿ ಒಬ್ಬರು. ಸಸ್ಯಪಳೆಯುಳಿಕೆಗಳ ವಿಜ್ಞಾನಿ ಬೀರಬಲ್ ಸಾಹ್ನಿಯವರ ತಂದೆ. ಸಿಮ್ಲಾದಲ್ಲಿ ಕೂತು ದಿನದ ಹವಾ ವರದಿ ತಯಾರಿಸುವುದು ಅವರ ಕೆಲಸಗಳಲ್ಲೊಂದು. ಎರಡೇ ವರ್ಷದಲ್ಲಿ ಅದನ್ನು ಬಿಟ್ಟು ಲಾಹೋರಿನ ಸರ್ಕಾರಿ ಕಾಲೇಜಿಗೆ ಮೇಷ್ಟ್ರಾಗಿ ಹೋದರು. ಅಲ್ಲಿ ಪಂಜಾಬ್ ವಿಜ್ಞಾನ ಸಂಸ್ಥೆಯ ಕಡೆಯಿಂದ ಊರೂರಿನಲ್ಲಿ ವಿಜ್ಞಾನದ ಉಪನ್ಯಾಸ ಮಾಡಿದರು, ಪ್ರಯೋಗಗಳ ಸಮೇತ, ಜನರ ಮಾತಿನಲ್ಲಿ. ಇಂಗ್ಲಿಷ್ ಬಾರದ ಅಂಗಡಿಯವರು, ಕುಶಲಕರ್ಮಿಗಳು ಬಂದು ಕೂತು ಕೇಳುತ್ತಿದ್ದರು. ತಾಯ್ನುಡಿಯಲ್ಲಿ ವಿಜ್ಞಾನ ಹೇಳಲಾಗದು ಎಂದು ನಮ್ಮ ಶಾಲೆಗಳ ಬಾಗಿಲಲ್ಲಿ ನಿಂತು ವಾದಿಸುವವರಿಗೆ ಇವರ ಹೆಸರು ಹೇಳುವುದು ನನ್ನ ಅಭ್ಯಾಸ. ಇರಲಿ, ವಿಷಯಕ್ಕೆ ಬರೋಣ.

1889ರಲ್ಲಿ ಬ್ಲ್ಯಾನ್‌ಫೋರ್ಡ್ ನಿವೃತ್ತರಾದರು. ಅವರ ಜಾಗಕ್ಕೆ ಜಾನ್ ಎಲಿಯಟ್ ಬಂದರು. ಎಲಿಯಟ್ ಹಿಮದ ಜೊತೆಗೆ ಮುಂಗಾರಿಗೆ ಮುಂಚಿನ ದೇಶದ ಹವೆ, ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯಾದ ಸುದ್ದಿಯನ್ನೂ ಸೇರಿಸಿದರು. ಅವರ ಮುನ್ಸೂಚನೆ ಹತ್ತಾರು ಪುಟದ ಪ್ರಬಂಧವಾಗಿ ಬೆಳೆಯಿತು. ಪುಟ ಹೆಚ್ಚಿದಷ್ಟೂ ಧೈರ್ಯವೂ ಹೆಚ್ಚಿತೇನೋ. 1899ಕ್ಕೆ ಅವರು ಹೇಳಿದ್ದು ವಾಡಿಕೆಗಿಂತ ಹೆಚ್ಚು ಮಳೆ ಎಂದು. ಆದದ್ದು 1877ರ ನಂತರದ ಅತಿ ಕೆಟ್ಟ ಬರ. ರಾಜಪುತಾನ, ಗುಜರಾತ್, ಮಧ್ಯ ಪ್ರಾಂತ್ಯ, ಮುಂಬಯಿ ಪ್ರಾಂತ್ಯದ ದಖ್ಖನ್ ಜಿಲ್ಲೆಗಳು ಒಣಗಿ ನಿಂತವು. ರಾಜಸ್ಥಾನದವರು ಇಂದಿಗೂ ಅದನ್ನು ಛಪ್ಪನಿಯಾ ಅಕಾಲ ಎನ್ನುತ್ತಾರೆ. ವಿಕ್ರಮ ಶಕೆಯ 1956, ಅದರ ಕೊನೆಯ ಐವತ್ತಾರು. ಹೆಚ್ಚು ಮಳೆ ಬರುತ್ತದೆಂದು ಕಾಗದ ಕೈಯಲ್ಲಿದ್ದಾಗ ಅಧಿಕಾರಿಗಳಿಗೆ ಧಾನ್ಯ ಕೂಡಿಡುವ ಅವಸರ ಯಾಕೆ ಬಂದೀತು? ಟೀಕೆ ಜೋರಾಯಿತು. ಇಲಾಖೆ ಕಂಡುಕೊಂಡ ಉಪಾಯ ನೋಡಿ: ಕೆಲವು ವರ್ಷ ಮುನ್ಸೂಚನೆಯನ್ನು ಪತ್ರಿಕೆಗಳಿಗೆ ಕೊಡದೆ ಗುಟ್ಟಾಗಿ ಇಟ್ಟಿತು! ಉತ್ತರಪತ್ರಿಕೆ ಮನೆಯಲ್ಲಿ ತೋರಿಸದ ಹುಡುಗನ ಹಾಗೆ.

1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಹವಾಮಾನದವರೇ ಅಲ್ಲ, ಗಣಿತದವರು. ಕೇಂಬ್ರಿಜ್‌ನಲ್ಲಿ ಗಣಿತಕ್ಕೆ ಮೊದಲ ಸ್ಥಾನ ಪಡೆದವರು, ಬೂಮರಾಂಗ್ ಎಸೆಯುವುದರಲ್ಲೂ ನಿಪುಣರು. ಅವರು ಕೇಳಿದ್ದು ಸರಳ ಪ್ರಶ್ನೆ. ಹಿಮಕ್ಕೂ ಮಳೆಗೂ ಸಂಬಂಧ ಇದೆ ಎನ್ನುತ್ತೀರಿ, ಎಷ್ಟು ಇದೆ? ನೂರರಲ್ಲಿ ಎಷ್ಟು ವರ್ಷ? ಪ್ರಪಂಚದ ನಾನಾ ಕಡೆಯ ಒತ್ತಡ, ಮಳೆ, ಉಷ್ಣತೆಯ ಪಟ್ಟಿಗಳನ್ನು ತರಿಸಿದರು. ಯಂತ್ರವಿಲ್ಲದ ಕಾಲ, ಭಾರತೀಯ ಗುಮಾಸ್ತರೇ ಕೂತು ಕೈಲೆಕ್ಕದಲ್ಲಿ ಸಾವಿರಾರು ಗುಣಾಕಾರ ಮಾಡಿದರು. ಅವರ ಹೆಸರುಗಳನ್ನು ನಾವು ಎಲ್ಲೂ ಓದುವುದಿಲ್ಲ. 1910ರ ಆಸುಪಾಸಿನ ವಾಕರ್ ಸೂತ್ರದಲ್ಲಿ ಮೇ ಕೊನೆಯ ಹಿಮಾಲಯದ ಹಿಮದ ಜೊತೆಗೆ ಮಾರಿಷಸ್ಸಿನ ಒತ್ತಡ, ದಕ್ಷಿಣ ಅಮೆರಿಕದ ಒತ್ತಡ, ಜಂಜಿಬಾರಿನ ಮಳೆ ಇದ್ದವು. ಹಿಮ ಒಂಟಿ ಸಾಕ್ಷಿಯಾಗಿದ್ದದ್ದು ಈಗ ನಾಲ್ಕರಲ್ಲಿ ಒಂದಾಯಿತು.

ಭಾರತವೆಲ್ಲ ಒಂದೇ ಸೂತ್ರಕ್ಕೆ ಸಿಗುವುದಿಲ್ಲ ಎಂದೂ ಅವರು ಕಂಡುಕೊಂಡು ದ್ವೀಪಕಲ್ಪಕ್ಕೆ ಬೇರೆ, ವಾಯವ್ಯಕ್ಕೆ ಬೇರೆ ಲೆಕ್ಕ ಮಾಡಿದರು. ಅರ್ಧ ಶತಮಾನದ ಹಿಂದೆಯೇ ಯಾರಾದರೂ ಹೀಗೆ ಯೋಚಿಸಿದ್ದರೆ ಎಂದು ನಮ್ಮಂಥವರಿಗೆ ಅನಿಸದೆ ಇರದು. ಇದೇ ಲೆಕ್ಕದ ರಾಶಿಯೊಳಗಿಂದ ವಾಕರ್‌ಗೆ ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರದ ಮೇಲಿನ ಒತ್ತಡ ತಕ್ಕಡಿಯ ಹಾಗೆ ಏರಿಳಿಯುವುದು ಕಂಡಿತು. ಅದಕ್ಕೆ ದಕ್ಷಿಣ ಆಂದೋಲನ ಎಂದು ಹೆಸರಿಟ್ಟರು. ಅದು ಎಲ್ ನಿನೊದ ಇನ್ನೊಂದು ಮುಖವೆಂದು 1969ರಲ್ಲಿ ಬ್ಯರ್ಕ್ನೆಸ್ ಎಂಬ ವಿಜ್ಞಾನಿ ವಿವರಿಸಿದ ಮೇಲೆ ಲೋಕಕ್ಕೆ ಅದರ ಬೆಲೆ ತಿಳಿಯಿತು. ಹಿಮ ಹುಡುಕಲು ಹೋಗಿ ಸಮುದ್ರ ಸಿಕ್ಕಿದ ಕಥೆ ಇದು.

ಹಿಮದ ಗತಿ ಏನಾಯಿತು? ವರ್ಷಗಳು ಕೂಡುತ್ತಾ ಹೋದ ಹಾಗೆ ಬ್ಲ್ಯಾನ್‌ಫೋರ್ಡ್ ಕಂಡ ಸಂಬಂಧ ಸಡಿಲವಾಯಿತು. ಹಿಮ ಹೆಚ್ಚು ಬಿದ್ದ ವರ್ಷವೂ ಮಳೆ ಬಂತು, ಕಡಿಮೆ ಬಿದ್ದ ವರ್ಷವೂ ತಪ್ಪಿತು. ಇಪ್ಪತ್ತನೇ ಶತಮಾನದ ನಡುವಿಗೆ ಬರುವಷ್ಟರಲ್ಲಿ ಹಿಮವನ್ನು ಮುನ್ಸೂಚನೆಯ ಪಟ್ಟಿಯಿಂದ ಕೈಬಿಟ್ಟರು. ಹಿಂದಿನ ಸಂಬಂಧ ನಿಜವಾಗಿತ್ತೋ, ಕೆಲವೇ ವರ್ಷಗಳ ಕಾಕತಾಳೀಯವೋ, ಕಣ್ಣಂದಾಜಿನ ವರದಿಗಳ ದೋಷವೋ, ಹಳೆಯ ಕಾಗದಗಳಿಂದ ಬಿಡಿಸಿ ಹೇಳುವುದು ಕಷ್ಟ. ದಾಖಲೆ ಗಟ್ಟಿಯಿಲ್ಲದಿದ್ದರೆ ಸರಿಯಾದ ಮಾತನ್ನೂ ಸಾಬೀತು ಮಾಡಲಾಗದು.

ಮತ್ತೆ ಹಿಮದ ಮಾತು ಎದ್ದದ್ದು ಆಕಾಶದಿಂದ. 1966ರ ಕೊನೆಯಿಂದ ಅಮೆರಿಕದ ಉಪಗ್ರಹಗಳ ಚಿತ್ರ ನೋಡಿ ಭೂಮಿಯ ಉತ್ತರಾರ್ಧದ ಹಿಮದ ಹಾಸನ್ನು ನಕ್ಷೆ ಮಾಡತೊಡಗಿದರು. ಈಗ ಯಾರ ನೆನಪಿನ ಅಳತೆಯೂ ಬೇಡ. 1976ರಲ್ಲಿ ಹಾನ್ ಮತ್ತು ಶುಕ್ಲಾ ಎಂಬಿಬ್ಬರು 1967ರಿಂದ 1975ರವರೆಗಿನ ಚಿತ್ರಗಳನ್ನು ಮಳೆಯ ಜೊತೆ ಇಟ್ಟು ನೋಡಿ, ಯುರೋಪು-ಏಷ್ಯಾದ ಮೇಲೆ ಚಳಿಗಾಲದ ಹಿಮ ಹೆಚ್ಚಿದರೆ ಭಾರತದ ಮುಂಗಾರು ಕಡಿಮೆಯಾಗುವ ಹಾಗೆ ಕಾಣುತ್ತದೆ ಎಂದು ಬರೆದರು. ಬ್ಲ್ಯಾನ್‌ಫೋರ್ಡ್ ಮಾತೇ, ಆದರೆ ಹಿಮಾಲಯಕ್ಕಿಂತ ಎಷ್ಟೋ ವಿಶಾಲ ಬಯಲಿನ ಮೇಲೆ. ಆ ಜಗದೀಶ ಶುಕ್ಲಾ ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಹಳ್ಳಿಯ ಹುಡುಗ, ಆಲದ ಮರದಡಿಯ ಶಾಲೆಯಲ್ಲಿ ಅಕ್ಷರ ಕಲಿತವರು. ಮಕ್ಕಳಿಗೆ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಅವರ ಒಂಬತ್ತು ವರ್ಷದ ಪಟ್ಟಿಯಲ್ಲೇ ಇರುವ 1972ನ್ನು ನಮ್ಮ ಕಡೆಯ, ಅದರಲ್ಲೂ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಹಿರಿಯರು ಮರೆತಿಲ್ಲ. ಎಪ್ಪತ್ತೆರಡರ ಬರ ಎಂದರೆ ಸಾಕು, ಕೂಲಿಗೆ ಕಲ್ಲು ಒಡೆದದ್ದು, ಅಮೆರಿಕದಿಂದ ಬಂದ ಕೆಂಪು ಮೈಲೋ ಜೋಳದ ರೊಟ್ಟಿ ತಿಂದದ್ದು ಹೇಳತೊಡಗುತ್ತಾರೆ. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ಸುಮಾರು ಕಾಲು ಭಾಗ ಕಡಿಮೆ. ಅದು ಎಲ್ ನಿನೊ ವರ್ಷವೂ ಹೌದು.

1988ರಲ್ಲಿ ವಸಂತ ಗೋವಾರೀಕರ್ ತಂಡದ ಹದಿನಾರು ಅಂಶಗಳ ಸೂತ್ರ ಬಂದಾಗ ಹಿಮಾಲಯದ ಹಿಮವೂ ಯುರೋಪು-ಏಷ್ಯಾದ ಹಿಮವೂ ಅದರೊಳಗೆ ಮತ್ತೆ ಜಾಗ ಪಡೆದವು. ಹಲವು ವರ್ಷ ಸೂತ್ರಕ್ಕೆ ಹೊಗಳಿಕೆಯೋ ಹೊಗಳಿಕೆ. 1997ರಲ್ಲಿ ಭಾರಿ ಎಲ್ ನಿನೊ ಇತ್ತು, ಎಲ್ಲರೂ ಬರ ಎಂದು ಹೆದರಿದರು, ಮಳೆ ವಾಡಿಕೆಯ ಶೇಕಡಾ 102 ಬಂತು. 2002ರಲ್ಲಿ ಶೇಕಡಾ 101 ಎಂದು ಮುನ್ಸೂಚನೆ. ಬಂದದ್ದು 81. ಜುಲೈ ತಿಂಗಳಲ್ಲಿ ಬರಬೇಕಾದ ಮಳೆಯ ಅರ್ಧವೂ ಬರಲಿಲ್ಲ. ಬಿತ್ತಿದ ಶೇಂಗಾ ಮಣ್ಣಲ್ಲೇ ಉಳಿದ ಮನೆಗಳ ಮಕ್ಕಳು ಆಗ ನಮ್ಮ ಶಾಲೆಯಲ್ಲಿದ್ದರು. ಕೆಲವರು ಅಪ್ಪ-ಅಮ್ಮನ ಜೊತೆ ದುಡಿಯಲು ಊರು ಬಿಟ್ಟರು, ಹಾಜರಿ ಪುಸ್ತಕದಲ್ಲಿ ಅವರ ಸಾಲು ಖಾಲಿ ಉಳಿಯಿತು. ಇದು ಬರಿಯ ಅಂಕಿಸಂಖ್ಯೆಯ ವಿಷಯ ಅಲ್ಲ ಎನ್ನುವುದು ಅದಕ್ಕೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡ್ಗೀಳ್ ಅವರು 2005ರಲ್ಲಿ ಸಂಗಡಿಗರೊಂದಿಗೆ ಬರೆದ ಲೇಖನದಲ್ಲಿ 1932ರಿಂದ 2004ರವರೆಗಿನ ಮುನ್ಸೂಚನೆಗಳನ್ನೆಲ್ಲ ಬಿದ್ದ ಮಳೆಯ ಪಕ್ಕ ಇಟ್ಟು ನೋಡಿದರು. ಇಂಥ ಸೂತ್ರಗಳ ಸಾಧನೆ ತೃಪ್ತಿಕರವಲ್ಲ ಎಂಬುದು ಅವರ ತೀರ್ಮಾನ. ಮುನ್ಸೂಚನೆಯನ್ನೂ ದಾಖಲೆಯ ಹಾಗೆ ತೂಗಿ ನೋಡಿದ ಈ ಕೆಲಸ ನನಗೆ ಬಹಳ ದೊಡ್ಡದೆನಿಸುತ್ತದೆ. 2025ರ ಜುಲೈನಲ್ಲಿ ತೀರಿಕೊಂಡ ಅವರು ನಮ್ಮ ಸೀಮೆಗೆ ಅಪರಿಚಿತರೂ ಅಲ್ಲ. ಮಡಕಶಿರಕ್ಕೆ ಅಂಟಿಕೊಂಡ ಪಾವಗಡ ಕಡೆಯ ರೈತರ ಜೊತೆ ಕೂತು, ಅನಂತಪುರದ ಹಲವು ದಶಕಗಳ ಮಳೆ ದಾಖಲೆ ಹಿಡಿದು, ಮಳೆಯಾಶ್ರಿತ ಶೇಂಗಾವನ್ನು ಯಾವಾಗ ಬಿತ್ತಿದರೆ ನಷ್ಟ ಕಡಿಮೆ ಎಂದು ಲೆಕ್ಕ ಹಾಕಿದವರು. ಅನಂತಪುರ ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ದೇಶದ ಸರಾಸರಿ ಹೇಳಿದರೆ ನಮಗೆ ಪ್ರಯೋಜನ ಕಡಿಮೆ. ನಮಗೆ ಮುಖ್ಯವಾದದ್ದು ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ನಾಲ್ಕಾರು ಒಳ್ಳೆಯ ಮಳೆ.

ಈಗ ಮುನ್ಸೂಚನೆ ಮಾಡುವುದು ಬಹುಪಾಲು ಕಂಪ್ಯೂಟರ್ ಮಾದರಿಗಳು. ಆದರೂ ಹಿಮ ಮರೆತುಹೋಗಿಲ್ಲ. 2025ರ ಏಪ್ರಿಲ್‌ನ ಮುನ್ಸೂಚನೆಯಲ್ಲಿ ಹವಾಮಾನ ಇಲಾಖೆ ಜನವರಿಯಿಂದ ಮಾರ್ಚ್‌ವರೆಗೆ ಉತ್ತರಾರ್ಧಗೋಳ ಮತ್ತು ಯುರೋಪು-ಏಷ್ಯಾದ ಹಿಮ ವಾಡಿಕೆಗಿಂತ ಕಡಿಮೆ ಎಂದು ಹೇಳಿ, ಮಳೆ ಶೇಕಡಾ 105 ಎಂದಿತು. ಬಂದದ್ದು 108. ಬ್ಲ್ಯಾನ್‌ಫೋರ್ಡ್ ಇದ್ದಿದ್ದರೆ ಮೀಸೆ ತಿರುವುತ್ತಿದ್ದರೇನೋ! ಆದರೆ ಅದೇ ಚಳಿಗಾಲದಲ್ಲಿ ಹಿಂದೂಕುಶ್-ಹಿಮಾಲಯದ ಹಿಮ ನೆಲದ ಮೇಲೆ ಉಳಿದ ಪ್ರಮಾಣ ವಾಡಿಕೆಗಿಂತ ಶೇಕಡಾ 23.6 ಕಡಿಮೆ, 23 ವರ್ಷದಲ್ಲೇ ಅತಿ ಕಡಿಮೆ ಎಂದು ಕಠ್ಮಂಡುವಿನ ಪರ್ವತ ಅಭಿವೃದ್ಧಿ ಸಂಸ್ಥೆ ಇಸಿಮೋಡ್ ವರದಿ ಮಾಡಿತು. ಸತತ ಮೂರನೇ ವರ್ಷದ ಕೊರತೆ ಅದು. ಹಿಮ ಕಡಿಮೆ ಎಂದರೆ ನಮಗೆ ಮಳೆ, ಸರಿ ಎಂದು ಸಂತೋಷಪಡುವ ಹಾಗಿಲ್ಲ. ಬೇಸಿಗೆಯಲ್ಲಿ ಸಿಂಧೂ, ಗಂಗೆಗಳಿಗೆ ನೀರು ಬರುವುದು ಅದೇ ಹಿಮದಿಂದ. ಗಮನಿಸಿ, ಅವರ ಹೋಲಿಕೆ ಇಪ್ಪತ್ತಮೂರು ವರ್ಷಗಳದ್ದು ಮಾತ್ರ. ಮಳೆಗೆ ನಮ್ಮ ಬಳಿ ಇನ್ನೂರು ವರ್ಷದ ಪಟ್ಟಿ ಇದೆ.

ಇಷ್ಟು ಪಾಠವಾದ ಮೇಲೆ ನಮ್ಮ ಶಾಲೆಯಲ್ಲೂ ಒಂದು ಪುಸ್ತಕ ಶುರುವಾಯಿತು. ನೇರ ಗೋಡೆಯ ಪ್ಲಾಸ್ಟಿಕ್ ಡಬ್ಬಿಯೊಂದು ಮಳೆಮಾಪಕ, ಪಕ್ಕದಲ್ಲಿ ನೆರಳಿಗೆ ತೂಗಿಹಾಕಿದ ಥರ್ಮಾಮೀಟರ್. ಹವಾಮಾನ ಇಲಾಖೆಯ ಹೊತ್ತಿನಲ್ಲೇ, ಬೆಳಗ್ಗೆ ಎಂಟೂವರೆಗೆ, ಸರದಿಯ ಮೇಲೆ ಮಕ್ಕಳು ನೋಡಿ ಕನ್ನಡ ಅಂಕಿಯಲ್ಲಿ ಬರೆಯುತ್ತಾರೆ. ಚಳಿಗಾಲದ ಪುಟಗಳಲ್ಲಿ ಮಳೆಯ ಕಾಲಂ ತುಂಬ ಸೊನ್ನೆಗಳು. "ಸೊನ್ನೆ ಯಾಕೆ ಸಾರ್ ಬರೀಬೇಕು, ಬಿಟ್ರಾಯ್ತಲ್ಲ?" ಎಂದು ಒಬ್ಬ ಕೇಳಿದ. ಸೊನ್ನೆ ಬರೆದರೆ ಮಳೆ ಬರಲಿಲ್ಲ ಎಂದರ್ಥ, ಖಾಲಿ ಬಿಟ್ಟರೆ ನೋಡಲಿಲ್ಲ ಎಂದರ್ಥ, ಎರಡೂ ಒಂದೇ ಅಲ್ಲ ಎಂದೆ.

ಅದನ್ನು ಹೇಳಿದ ನಾನೇ ಮೊದಲ ವರ್ಷ ಎಡವಿದೆ. ದಸರೆ ರಜೆಗೆ ಶಾಲೆಗೆ ಬೀಗ ಬಿತ್ತು. ನಾನು ಊರಿಗೆ ಹೋದೆ. ಆ ರಜೆಯಲ್ಲೇ ವರ್ಷದ ದೊಡ್ಡ ಮಳೆ ಬಂದು ಹಳ್ಳ ತುಂಬಿ ಹರಿಯಿತಂತೆ. ವಾಪಸ್ ಬಂದು ನೋಡಿದರೆ ಡಬ್ಬಿ ತುಂಬಿ ಚೆಲ್ಲಿತ್ತು, ಪುಸ್ತಕದಲ್ಲಿ ಹತ್ತು ದಿನ ಖಾಲಿ. ಹಳ್ಳದ ನೀರು ಎಲ್ಲಿಯವರೆಗೆ ಬಂದಿತ್ತೆಂದು ಒಬ್ಬೊಬ್ಬರು ಒಂದೊಂದು ಎತ್ತರ ತೋರಿಸಿದರು. ಸಿಮ್ಲಾಕ್ಕೆ ಬರುತ್ತಿದ್ದ ಹಿಮದ ವರದಿಗಳು ನೆನಪಾಗಿ ನನಗೇ ನಾಚಿಕೆಯಾಯಿತು. ಆ ಹತ್ತು ಸಾಲುಗಳನ್ನು ಅಂದಾಜಿನಿಂದ ತುಂಬಬೇಡಿ, ಹಾಗೇ ಬಿಡಿ ಎಂದು ಮಕ್ಕಳಿಗೆ ಹೇಳಿದೆ.

ಮರುವರ್ಷ ರಜೆಯ ಹಿಂದಿನ ದಿನ, ಆಲಿಕಲ್ಲಿನ ಪ್ರಶ್ನೆ ಕೇಳಿದ್ದ ಅದೇ ಹುಡುಗಿ ಬಂದು, "ಡಬ್ಬಿ, ಪುಸ್ತಕ ಎರಡೂ ನಮ್ಮನೆಗೆ ಕೊಡಿ ಸಾರ್, ನಮ್ಮ ಅಂಗಳದಾಗೆ ಗಿಡ ಇಲ್ಲ" ಎಂದಳು. ಗಿಡ ಇದ್ದರೆ ಮಳೆಹನಿಗೆ ಅಡ್ಡವಾಗುತ್ತದೆ ಎಂದು ನಾನು ಹೇಳಿದ್ದನ್ನು ನೆನಪಿಟ್ಟಿದ್ದಳು. ಆ ದಸರೆಯ ಪುಟದಲ್ಲಿ ಹತ್ತು ದಿನಕ್ಕೂ ಅಂಕಿ ಇದೆ. ಏಳು ಸೊನ್ನೆ, ಒಂದು ನಾಲ್ಕು, ಒಂದು ಹನ್ನೊಂದು, ಒಂದು ಮೂವತ್ತಾರು.